ಹೊಟ್ಟೆ ಸೀಳಿದ ಷ

ಏಣಿಗೆ ನೆರಳಿಲ್ಲ ಎಂಬುದು ಬೋರ್ಡಣ್ಣನ ಕಣ್ಣಿಗೆ ಬಿದ್ದದ್ದು ಹಿಂದಿನ ಭಾನುವಾರ. ಅದರ ಖುಷಿ ಮಾತ್ರ ಈ ಶನಿವಾರ ಬೆಳಗಿನವರೆಗೂ ಬಾಯಲ್ಲಿಟ್ಟ ಪೆಪ್ಪರಮಿಂಟಿನ ಹಾಗೆ ಉಳಿದಿತ್ತು. ಕಂಪ್ಯೂಟರಿನ ಪರದೆಯ ಮೇಲೆ, ಒಂದು ಆಟದೊಳಗೆ, ಸಂಜೆ ಬಿಸಿಲು ಬಿದ್ದ ಒಂದು ಬೀದಿ. ಬೆಳಕು ಬರುವುದು ಎಡಗಡೆಯಿಂದ. ದೀಪದ ಕಂಬಕ್ಕೆ ನೆರಳಿದೆ, ಕ್ಷೌರದಂಗಡಿಯ ಮುಂದಿನ ಬೆಂಚಿಗೆ ನೆರಳಿದೆ, ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಲೋಟಕ್ಕೂ, ಲೋಟದ ಅಂಚಿಗೆ ಕೂತ ನೊಣಕ್ಕೂ ನೆರಳಿದೆ. ಗೋಡೆಗೆ ಒರಗಿಸಿದ ಏಣಿಗೆ ಮಾತ್ರ ಇಲ್ಲ. ನೊಣವನ್ನು ಮರೆಯದವಳು ಏಣಿಯನ್ನು ಮರೆತಿದ್ದಳು. ಅಲ್ಲಿಗೆ ಅವಳ ಜಾಣತನ ಮುಗಿಯಿತು ಎಂದುಕೊಂಡು ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದ. ಬಹುಮಾನ ಕೊಟ್ಟವರಿಗೆ ಕಣ್ಣಿರಲಿಲ್ಲ, ಪೇಪರಿನವರಿಗೆ ಇರಲಿಲ್ಲ. ಇಪ್ಪತ್ತು ವರ್ಷ ಏಣಿಯ ಮೇಲೆಯೇ ನಿಂತು ಅಂಗಡಿ ಬೋರ್ಡು ಬರೆದು ಬದುಕಿದವನಿಗೆ ಇತ್ತು. ಆಟದ ಕಂಪನಿಗೆ ಬರೆದ ದೂರಿನ ಅರ್ಜಿಯ ಕೊನೆಗೆ ಅದನ್ನೂ ಸೇರಿಸಿದ್ದ: ಸದರಿ ಆಟದ ಚಿತ್ರಗಳಲ್ಲಿ ಮೂಲಭೂತ ತಪ್ಪುಗಳಿದ್ದು, ಏಣಿಗೆ ನೆರಳಿರುವುದಿಲ್ಲ.

ಅವಳು ಎಂದರೆ ತಂಗಿ. ಹನ್ನೊಂದು ವರ್ಷದಿಂದ ಮಾತಿಲ್ಲ, ಕತೆಯಿಲ್ಲ, ಒಂದು ಫೋನಿಲ್ಲ. ಎರಡು ತಿಂಗಳ ಹಿಂದೆ ತಾನು ಕೆಲಸಕ್ಕಿದ್ದ ಫ್ಲೆಕ್ಸ್ ಅಂಗಡಿಯಲ್ಲಿ ಕೈ ಒರೆಸಿಕೊಳ್ಳಲು ಹರಿದ ಪೇಪರಿನಲ್ಲಿ ಅವಳ ಫೋಟೋ ಕಂಡಿತು. ಕನ್ನಡಕ ಬಂದಿತ್ತು, ಕೂದಲು ಕತ್ತರಿಸಿಕೊಂಡಿದ್ದಳು, ಆದರೂ ಎಡ ಹುಬ್ಬು ಮೇಲೆತ್ತಿ ಎದುರಿನವರನ್ನು ಅಳೆಯುವ ಆ ನೋಟ ಅದೇ. ಕಂಪ್ಯೂಟರಿನಲ್ಲಿ ಆಡುವ ಒಂದು ಪತ್ತೇದಾರಿ ಆಟಕ್ಕೆ ಇಡೀ ಊರನ್ನು ಅವಳೇ ಚಿತ್ರಿಸಿದ್ದಾಳಂತೆ, ಕತೆಯೂ ಅವಳದೇ ಅಂತೆ, ಬಹುಮಾನವೂ ಬಂದಿದೆಯಂತೆ, ನೋಡಿದವರು ಬಾಯಿ ಬಿಟ್ಟುಕೊಂಡು ಕೂರುತ್ತಾರಂತೆ. ಫೋಟೋದ ಪಕ್ಕದಲ್ಲಿ ಆಟದ ಒಂದು ಚಿತ್ರ, ಅಂಗೈಯಗಲ. ಅಂಗೈಯಗಲದಲ್ಲೇ ಅವನಿಗೆ ಗುರುತು ಸಿಕ್ಕಿತು. ಆ ಬೀದಿಯ ಬೋರ್ಡುಗಳೆಲ್ಲ ಅವನು ಬರೆದವು. ಕ್ಷೌರದಂಗಡಿಯದು, ಫೋಟೋ ಸ್ಟುಡಿಯೋದ್ದು, ಔಷಧಿ ಅಂಗಡಿಯದು. ಒಂದಾದರೂ ಈಗ ಉಳಿದಿಲ್ಲ; ಎಲ್ಲವನ್ನೂ ಕಿತ್ತು ಫ್ಲೆಕ್ಸ್ ಕಟ್ಟಿದರು, ಕಟ್ಟಿದವನೂ ಅವನೇ. ಹೊಟ್ಟೆಪಾಡಿಗೆ ತನ್ನ ಅಕ್ಷರದ ಮೇಲೆ ತಾನೇ ಪ್ಲಾಸ್ಟಿಕ್ ಹೊದಿಸಿದವನ ಮುಂದೆ ಆ ಅಕ್ಷರಗಳು ಪೇಪರಿನಲ್ಲಿ ಎದ್ದು ಕೂತಿದ್ದವು, ಇನ್ನೊಬ್ಬರ ಹೆಸರಿನಲ್ಲಿ. ಕೈಗೆ ಹತ್ತಿದ ಶಾಯಿಯನ್ನು ಅವನು ಪ್ಯಾಂಟಿಗೇ ಒರೆಸಿಕೊಂಡ.

ಮನೆಯಲ್ಲಿ ಕಂಪ್ಯೂಟರಿತ್ತು, ಅದೂ ಒಳ್ಳೆಯದೇ. ನಲವತ್ತಡಿ ಬ್ಯಾನರು ತೆರೆದರೂ ತಡವರಿಸದಿರಲಿ ಎಂದು ಅಂಗಡಿಯ ಯಜಮಾನ ಹಾಕಿಸಿಕೊಟ್ಟ ಯಂತ್ರ. ಆಟ ಅದರೊಳಗೆ ಇಳಿಯಲು ಒಂದು ಇಡೀ ದಿನ ತೆಗೆದುಕೊಂಡಿತು. ಶುರುವಿನಲ್ಲೇ 'ನಿಮ್ಮ ಹೆಸರು?' ಎಂದು ಕೇಳಿತು. ಕಳ್ಳಿಯ ಮನೆಗೆ ಹೋಗುವವನು ಹೆಸರು ಹೇಳಿಕೊಂಡು ಹೋಗುತ್ತಾನೆಯೇ. ಖಾಲಿ ಬಿಟ್ಟು ಮುಂದೊತ್ತಿದ. ಅಂದಿನಿಂದ ಆಟದೊಳಗಿನ ಜನ ಅವನನ್ನು 'ಅನಾಮಿಕರೇ' ಎಂದು ಕರೆಯತೊಡಗಿದರು. ಕ್ಷೌರಿಕ ಕರೆದ, ಔಷಧಿ ಅಂಗಡಿಯವನು ಕರೆದ. ಬನ್ನಿ ಅನಾಮಿಕರೇ, ಕೂತುಕೊಳ್ಳಿ ಅನಾಮಿಕರೇ. ಬೀದಿಯ ಒಬ್ಬ ಹುಡುಗಿ ಕಾಣೆಯಾಗಿದ್ದಾಳೆ, ಆಡುವವನು ಪತ್ತೇದಾರ, ಮನೆಮನೆಗೆ ಹೋಗಿ ಸಾಮಾನು ಎತ್ತಿ ನೋಡಿ ಅವಳು ಯಾಕೆ ಹೋದಳೆಂದು ಕಂಡುಹಿಡಿಯಬೇಕು. ಬೋರ್ಡಣ್ಣನಿಗೆ ಹುಡುಗಿ ಬೇಕಾಗಿರಲಿಲ್ಲ. ಅವನು ಪಕ್ಕದಲ್ಲಿ ನೋಟುಬುಕ್ಕು ಇಟ್ಟುಕೊಂಡು ಬೋರ್ಡುಗಳ ಲೆಕ್ಕ ಹಾಕುತ್ತಿದ್ದ.

ಆದರೆ ನೋಡುವ ಕಣ್ಣಿಗೆ ಹಗೆ ಗೊತ್ತಾಗುವುದಿಲ್ಲ, ಅದೇ ಅವನಿಗಾದ ಅವಮಾನ. ಮೌಸನ್ನು ಸ್ವಲ್ಪ ತಿರುಗಿಸಿದರೆ ಸಾಕು, ಬಿಸಿಲಿನಲ್ಲಿ ಧೂಳು ಏಳುತ್ತಿತ್ತು. ಬಾಗಿಲ ಹತ್ತಿರ ಹೋದರೆ ಮರದ ಗಂಟು ಕಾಣುತ್ತಿತ್ತು, ಇನ್ನೂ ಹತ್ತಿರ ಹೋದರೆ ಗಂಟಿನ ಸುತ್ತ ವಾರ್ನಿಷು ನಿಂತು ಒಣಗಿದ್ದು. ಫೋಟೋ ಸ್ಟುಡಿಯೋದ ಬೋರ್ಡಿನ ಸೊನ್ನೆಯೊಳಗೆ ಬ್ರಷ್ಷಿನ ಒಂದೇ ಒಂದು ಕೂದಲು ಬಣ್ಣಕ್ಕೆ ಅಂಟಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಆ ಕೂದಲು ಅವನಿಗೆ ಗೊತ್ತು. ಅದನ್ನು ಉಗುರಿನಿಂದ ಕೀಳಲು ಹೋಗಿ ಬಣ್ಣ ಕೆದರೀತೆಂದು ಬಿಟ್ಟಿದ್ದ. ಕೆಳಗೆ ಏಣಿ ಹಿಡಿದು ನಿಂತವಳಿಗೆ ಅಷ್ಟು ದೂರದಿಂದ ಅದು ಹೇಗೆ ಕಂಡಿತ್ತು, ಕಂಡರೂ ಇಷ್ಟು ವರ್ಷ ಯಾವ ತಲೆಯಲ್ಲಿ ಇಟ್ಟುಕೊಂಡಿದ್ದಳು. ಒಂದು ಗಳಿಗೆ ಅವನು ಪರದೆಯ ಮೇಲಿನ ಆ ಕೂದಲನ್ನು ಉಗುರಿನಿಂದ ಕೆರೆದ. ಮರುಗಳಿಗೆ ನೋಟುಬುಕ್ಕು ತೆಗೆದು ಬರೆದ: ಸಾಕ್ಷಿ ಏಳು, ಸೊನ್ನೆಯೊಳಗಿನ ಕೂದಲು.

ಬೋರ್ಡು ಬರೆಯುವವನು ಮೊದಲಿನಿಂದ ಬರೆಯುವುದಿಲ್ಲ. ಮೊದಲಿನಿಂದ ಹೊರಟರೆ ಕೊನೆಗೆ ಜಾಗ ಸಾಲದೆ ಅಕ್ಷರಗಳು ಬಸ್ಸಿನ ಹಿಂದಿನ ಸೀಟಿನವರ ಹಾಗೆ ಒತ್ತಿಕೊಂಡು ಕೂರುತ್ತವೆ. ಎಷ್ಟು ಅಕ್ಷರವೆಂದು ಎಣಿಸಿ, ಹಲಗೆಯ ನಡುವಿಗೆ ಗೆರೆ ಎಳೆದು, ನಡುವಿನ ಅಕ್ಷರ ಮೊದಲು ಬರೆದು ಆಮೇಲೆ ಎಡಕ್ಕೂ ಬಲಕ್ಕೂ ಹೋಗಬೇಕು. ಔಷಧಿಗೆ ಮೂರೇ ಅಕ್ಷರ. ನಡುವಿನದು ಮೊದಲು. ಹಾಗಾಗಿ ಆ ದಿನ ಅವನು ಹತ್ತಡಿ ಮೇಲೆ ನಿಂತು ಮೊಟ್ಟಮೊದಲು ಬರೆದದ್ದೇ ತಪ್ಪು ಅಕ್ಷರ, ಕೆಂಪು ಬಣ್ಣದಲ್ಲಿ, ಒಂದೂವರೆ ಅಡಿ ಎತ್ತರ: ಶ. ಬರೆದು, ಬಿಳಿಯ ಅಂಚು ಕೊಟ್ಟು, ಎಡಕ್ಕೆ ಔ ಮುಗಿಸುವಷ್ಟರಲ್ಲಿ ಕೆಳಗಿನಿಂದ ಒಂಬತ್ತು ವರ್ಷದ ತಂಗಿ ಕೂಗಿದ್ದಳು. "ಅಣ್ಣಾ, ಅದು ಆ ಶ ಅಲ್ಲ. ಹೊಟ್ಟೆ ಸೀಳಿದ ಷ." ಔಷಧಿ ಅಂಗಡಿಯವನು ಹೊರಗೆ ಬಂದ, ಕ್ಷೌರಿಕ ಕತ್ತರಿ ಹಿಡಿದೇ ಹೊರಗೆ ಬಂದ, ಅರ್ಧ ಕೂದಲು ಕತ್ತರಿಸಿಕೊಂಡ ಗಿರಾಕಿಯೂ ಬಟ್ಟೆ ಹೊದ್ದುಕೊಂಡು ಬಂದು ತಲೆಯೆತ್ತಿ ನೋಡಿದ. ಇಡೀ ಬೀದಿ ನಕ್ಕಿತು. "ತಂಗಿ ಹತ್ರ ಟ್ಯೂಷನ್ನಿಗೆ ಹೋಗಪ್ಪಾ ಬೋರ್ಡಣ್ಣ," ಎಂದರು. ಅವನೂ ನಕ್ಕ. ಏಣಿಯ ಮೇಲೆ ನಿಂತು ನಗುವುದು ಸುಲಭವಲ್ಲ, ಏಣಿಯೂ ಜೊತೆಗೆ ಅಲುಗುತ್ತದೆ. ಹೊಸ ಬಣ್ಣಕ್ಕೆ ದುಡ್ಡು ಕೊಡೆನೆಂದು ಅಂಗಡಿಯವನು ಬೋರ್ಡನ್ನು ಹಾಗೆಯೇ ಉಳಿಸಿಕೊಂಡ. ವರ್ಷಗಟ್ಟಲೆ ಜನ ಆ ತಪ್ಪಿನ ಕೆಳಗೆ ನಿಂತು ಗುಳಿಗೆ ಕೊಂಡರು, ಯಾರ ಕಾಯಿಲೆಯೂ ಅದರಿಂದ ಹೆಚ್ಚಾಗಲಿಲ್ಲ. ಅವನಿಗೆ ಮಾತ್ರ ಆ ಅಕ್ಷರ ಕೈಗೆ ಹತ್ತಲೇ ಇಲ್ಲ. ಎಲ್ಲಿ ಹೊಟ್ಟೆ ಸೀಳಬೇಕೋ ಅಲ್ಲಿ ಕೈ ತಾನಾಗಿ ಇನ್ನೊಂದು ಶ ಕಡೆಗೆ ತಿರುಗುತ್ತಿತ್ತು, ಹಠಕ್ಕೆ ಬಿದ್ದ ಹಾಗೆ. ತಂಗಿಯ ಹೆಸರಿನ ನಡುವೆಯೂ ಅದೇ ಅಕ್ಷರವಿತ್ತು. ಅದನ್ನೂ ಅವನು ಜನ್ಮದಲ್ಲಿ ಸರಿಯಾಗಿ ಬರೆದವನಲ್ಲ.

ಆಟದ ಬೀದಿಯಲ್ಲೂ ಔಷಧಿ ಅಂಗಡಿಯ ಬೋರ್ಡು ಹಾಗೆಯೇ ಇತ್ತು. ಔಶಧಿ. ಮೊದಲು ಕಂಡಾಗ ಅವನ ಕಿವಿ ಬಿಸಿಯಾಗಿತ್ತು: ಅಂದು ಒಂದು ಬೀದಿಗೆ ತೋರಿಸಿ ನಗಿಸಿದವಳು ಈಗ ಲೋಕಕ್ಕೇ ತೋರಿಸುತ್ತಿದ್ದಾಳೆ. ಆಮೇಲೆ ನಿಧಾನಕ್ಕೆ ಇನ್ನೊಂದು ಹೊಳೆಯಿತು. ಆ ತಪ್ಪೇ ಅಲ್ಲವೇ ಅವನ ಸಹಿ. ಸರಿಯಾಗಿ ಬರೆದದ್ದನ್ನು ಯಾರು ಬೇಕಾದರೂ ತಮ್ಮದೆನ್ನಬಹುದು, ತಪ್ಪನ್ನು ಅವನೊಬ್ಬನೇ ತನ್ನದೆನ್ನಬಲ್ಲ. ವಾರವಿಡೀ ಕೂತು ಅರ್ಜಿ ಬರೆದ. ಆಟದ ಕಂಪನಿಗೆ, ಮುಖ್ಯಸ್ಥರ ಹೆಸರಿಗೆ. ಅಕ್ಷರವೇ ಸಾಕ್ಷಿಯಾದ್ದರಿಂದ ಟೈಪು ಮಾಡದೆ ಕೈಯಲ್ಲೇ ಬರೆದ. ಸದರಿ ಬೋರ್ಡುಗಳು ನನ್ನವು, ಕದ್ದು ಬಳಸಲಾಗಿದೆ, ಬಹುಮಾನ ವಾಪಸು ಪಡೆದು ಆಕೆಯನ್ನು ಕೆಲಸದಿಂದ ತೆಗೆಯತಕ್ಕದ್ದು. ಮತ್ತು ಕೆಳಗೆ ಗೆರೆ ಎಳೆದು: ಹೊಟ್ಟೆ ಸೀಳಿದ ಅಕ್ಷರದ ಜಾಗದಲ್ಲಿ ಈ ಶ ಬರೆಯುವವನು ನಮ್ಮ ಊರಿಗೆ ನಾನೊಬ್ಬನೇ, ಬೇಕಾದರೆ ಯಾರನ್ನಾದರೂ ಕೇಳಿ. ಓದಿ ನೋಡಿದಾಗ ಎದೆ ತುಂಬಿ ಬಂತು. ಈ ಸಲ ಹೆಸರು ಹಾಕಿ, ಸಹಿ ಮಾಡಿ, ವಿಳಾಸ ಕೊಟ್ಟು ಗಂಡಸಿನ ಹಾಗೆ ಬರೆದಿದ್ದೇನೆ ಎನ್ನಿಸಿತು.

ಈ ಸಲ ಎಂದರೆ, ಆ ಸಲ ಹಾಗೆ ಬರೆದಿರಲಿಲ್ಲ. ಆ ಸಲದ್ದನ್ನು ಅವನು ಎಲ್ಲೋ ಮಡಚಿ ಇಟ್ಟಿದ್ದ. ಸ್ನಾನ ಮಾಡುವಾಗ, ಸಿಗ್ನಲಿನಲ್ಲಿ ಸೈಕಲ್ ನಿಲ್ಲಿಸಿದಾಗ, ಕಾರಣವಿಲ್ಲದೆ ಬಿಚ್ಚಿಕೊಳ್ಳುತ್ತಿತ್ತು. ತಂಗಿಗೆ ದೊಡ್ಡ ಚಿತ್ರಶಾಲೆಯಲ್ಲಿ ಸೀಟು ಸಿಕ್ಕಿತ್ತು, ಹನ್ನೆರಡು ಚಿತ್ರ ಕಳಿಸಿ ಗೆದ್ದಿದ್ದಳು. ಸುದ್ದಿ ಕೇಳಿ ಬಂದವರ ಮುಂದೆ ಅಪ್ಪ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿಕೊಂಡು ಹೇಳಿದ್ದರು, "ಇವನು ಬಣ್ಣ ಬಳೀತಾನೆ. ಇವಳು ಚಿತ್ರ ಬರೀತಾಳೆ." ಅಪ್ಪನಿಗೆ ಅದು ಬರೀ ತಮಾಷೆ. ಬೋರ್ಡಣ್ಣನ ಉಗುರಿನ ಸಂದಿಯಲ್ಲಿ ಆಗ ಹಸಿರು ಬಣ್ಣವಿತ್ತು, ಅವನು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. ಅವಳಿಗೆ ಮೊದಲ ಪೆನ್ಸಿಲು ಹಿಡಿಸಿದವನು ಅವನು. ಆ ಹನ್ನೆರಡರಲ್ಲಿ ಒಂದು ಚಿತ್ರಕ್ಕೆ, ಗೋಡೆಗೆ ಒರಗಿದ ಏಣಿಯ ಚಿತ್ರಕ್ಕೆ, ನೆರಳು ಹಾಕಿಕೊಟ್ಟವನೂ ಅವನೇ. ಅವಳು ಊಟಕ್ಕೆ ಎದ್ದಾಗ ಕೈ ತಡೆಯಲಾರದೆ ಬಳಿದಿದ್ದ. ಅವಳು ಬಂದು ನೋಡಿ, "ನೆರಳು ಒಂದು ಗೇಣು ಜಾಸ್ತಿ ಉದ್ದ ಆಯ್ತು ಅಣ್ಣ, ಇರ್ಲಿ ಬಿಡು, ಚೆನ್ನಾಗಿದೆ," ಎಂದಿದ್ದಳು. ಆ ಇರ್ಲಿ ಬಿಡು ಅವನಿಗೆ ಚುಚ್ಚಿತ್ತು. ಒಂದು ವಾರದ ನಂತರ ಹಗಲು ಹೊತ್ತಿನಲ್ಲಿ, ಬೀಗ ಹಾಕಿದ ಬಣ್ಣದ ಕೋಣೆಯಲ್ಲಿ, ಗುರುತು ಸಿಗದಿರಲೆಂದು ಎಡಗೈಯಲ್ಲಿ ಪೆನ್ನು ಹಿಡಿದು ಚಿತ್ರಶಾಲೆಗೆ ಸಹಿಯಿಲ್ಲದ ಮೂರು ಸಾಲು ಬರೆದ. ಹನ್ನೆರಡರಲ್ಲಿ ಒಂದು ಪಾಲು ನಿಜವಿರುವ ಸುಳ್ಳು ಪೂರ್ತಿ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡ.

ಚಿತ್ರಶಾಲೆಯವರು ಕರೆಸಿ ಕೇಳಿದರು: ಇದರಲ್ಲಿ ಬೇರೆಯವರ ಕೈ ಇದೆಯೇ. ಸುಳ್ಳು ಹೇಳಲು ಬಾರದವಳು ಹೇಳಿದಳು, ಒಂದರಲ್ಲಿ ಏಣಿಯ ನೆರಳು ನಮ್ಮ ಅಣ್ಣ ಹಾಕಿದ್ದು. ಅಷ್ಟೇ ಸಾಕಾಯಿತು, ಸೀಟು ಹೋಯಿತು. ಮನೆಯಲ್ಲಿ ಎಲ್ಲರೂ ಆ ಮೂಗರ್ಜಿ ಬರೆದವನಿಗೆ ಹಿಡಿಶಾಪ ಹಾಕಿದರು. ಎಲ್ಲರಿಗಿಂತ ಜೋರಾಗಿ ಹಾಕಿದವನು ಬೋರ್ಡಣ್ಣ. "ಸಿಕ್ಲಿ, ಬರೆದ ಕೈ ಮುರೀತೀನಿ," ಎಂದು ಬಾಗಿಲಿಗೆ ಗುದ್ದಿದ್ದ, ಬೆರಳಿನ ಗಂಟು ಊದಿಕೊಂಡಿತ್ತು, ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಡತಿ ಅದಕ್ಕೆ ಬಿಸಿನೀರಿನ ಬಟ್ಟೆ ಇಟ್ಟಿದ್ದಳು. ತಂಗಿ ಅವನನ್ನೇ ನೋಡುತ್ತಿದ್ದಳು, ಎಡ ಹುಬ್ಬು ಎತ್ತಿ. ಎರಡು ದಿನ ಅತ್ತಿಗೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದು, ಮೂರನೆಯ ದಿನ ಒಂದು ಚೀಲ ಹೊತ್ತು ಮನೆ ಬಿಟ್ಟಳು. ಅಪ್ಪ ಹೋದಾಗಲೂ ಬಂದು ಬಾಗಿಲಲ್ಲಿ ನಿಂತು ಹೋದಳೇ ಹೊರತು ಅವನ ಮುಖ ನೋಡಲಿಲ್ಲ. ಕೊಬ್ಬು ಎಂದ ಅವನು. ಹನ್ನೊಂದು ವರ್ಷ ಹೇಳಿಕೊಂಡ ಮೇಲೆ ಅವನಿಗೇ ಅದು ನಿಜವಾಗಿತ್ತು.

ಹೆಂಡತಿ ಒಂದು ದೊಡ್ಡ ಕಚೇರಿಯ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ಅಂಚೆಚೀಟಿ ಹಚ್ಚುವುದು. ಯಾರ ಲಕೋಟೆಯಾದರೂ ಅವಳ ಕೈಗೆ ಬಂದರೆ ಮೂಲೆ ಒತ್ತಿ ನೋಡದೆ ಬಿಡುವುದಿಲ್ಲ. ಅವಳೂ ಆಟ ಆಡಲು ಶುರು ಮಾಡಿದ್ದಳು, ಅವನಿಗಿಂತ ಮುಂದೆ ಹೋಗಿದ್ದಳು. ಹೆಸರು ಕೇಳಿದಾಗ ಅವಳು 'ಅತ್ತಿಗೆ' ಎಂದು ಬರೆದಿದ್ದಳು. ಅವಳು ಆಡುವಾಗ ಇಡೀ ಬೀದಿ ಅವಳನ್ನು ಅತ್ತಿಗೆ ಎನ್ನುತ್ತಿತ್ತು. ಕಾಣೆಯಾದ ಹುಡುಗಿಯ ದಿನಚರಿಯೂ ಹಾಗೇ ಕರೆಯುತ್ತಿತ್ತು. ಅವನು ಒಂದು ಭಾನುವಾರ ಅದನ್ನು ಕೇಳಿ ಹಲ್ಲು ಕಡಿದು ಟೆರೇಸಿಗೆ ಹೋಗಿ ನಿಂತಿದ್ದ. ಬುಧವಾರ ಅವಳಿಗೆ ರಜೆಯಿತ್ತು. ಸಂಜೆ ಅವನು ಬಂದಾಗ ಕಂಪ್ಯೂಟರು ಆರಿಸಿ ಅದರ ಮುಂದೆ ಸುಮ್ಮನೆ ಕೂತಿದ್ದಳು.

"ಮುಗೀತಾ?" ಎಂದು ಕೇಳಿದ್ದ.

"ಮುಗೀತು."

"ಯಾರಂತೆ?"

"ನೀವೇ ಕಂಡುಹಿಡೀರಿ."

ಈ ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವನು ಅಂಟಿಸದ ಲಕೋಟೆಯನ್ನು ಕೊಟ್ಟ. ಅವಳು ಅದನ್ನು ತಿರುಗಿಸಿ ನೋಡಿದಳು.

"ಇದೇನು?"

"ಅವಳ ಕಂಪನಿಗೆ. ನನ್ನ ಬೋರ್ಡು ಕದ್ದಿದಾಳೆ ಅಂತ. ಓದಿ ಪೋಸ್ಟ್ ಮಾಡು. ಕಾಗುಣಿತ ಒಂದ್ಸಲ ನೋಡ್ಬಿಡು, ಅಲ್ಲೂ ನಗೋದು ಬೇಡ."

"ಸಹಿ ಹಾಕಿದೀರಾ?"

"ಹಾಕ್ದೆ ಏನು? ನಾನೇನು ಕಳ್ಳನಾ?"

"ಹಾಗಲ್ಲ. ಸಹಿ ಇಲ್ದಿದ್ರೆ ನಾವು ಮೂಗರ್ಜಿ ಅಂತ ಬರೆದು ಮೂಲೆಗೆ ಹಾಕ್ತೀವಿ. ಸಹಿ ಇದ್ರೆ ಉತ್ತರ ಕೊಡಲೇಬೇಕು. ಅದಕ್ಕೆ ಕೇಳ್ದೆ." ಅವಳು ಲಕೋಟೆಯನ್ನು ಚೀಲಕ್ಕೆ ಹಾಕದೆ ಸ್ವಲ್ಪ ಹೊತ್ತು ಅವನ ಎಡಗೈಯನ್ನೇ ನೋಡಿದಳು. ಅಂಗಿಯ ಗುಂಡಿ ಕಿತ್ತಿದೆಯೇನೋ ಎಂದು ಅವನು ತೋಳು ಎಳೆದುಕೊಂಡ. "ಅವಳು ನಿಮಗೆ ಏನು ಮಾಡಿದ್ಲು ಅಂತ ಇದು?"

"ಏನು ಮಾಡಿದ್ಲು ಅಂದ್ರೆ? ನನ್ನ ಕೈಬರಹ ಮಾರ್ಕೊಂಡು ಮೆರೀತಿದಾಳೆ. ಅವಳಿಗೂ ಒಂದ್ಸಲ ಗೊತ್ತಾಗ್ಲಿ, ಎಲ್ಲರ ಮುಂದೆ ಕೆಳಗಿಳಿಸಿದ್ರೆ ಹೇಗಿರತ್ತೆ ಅಂತ."

"ಒಂದ್ಸಲ ಅಲ್ಲ, ಎರಡ್ಸಲ ಆಗತ್ತೆ," ಎಂದು ಅವಳು ಮೆಟ್ಟಿಲಿಳಿದಳು. ಅದು ಅವನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ.

ಅಂಗಡಿಗೆ ರಜೆ ಹಾಕಿ ಅವನು ಐದನೆಯ ಅಧ್ಯಾಯಕ್ಕೆ ಕೂತ. ಕಿಟಕಿಯ ಹೊರಗಿನ ಬಿಸಿಲು ಪರದೆಯ ಮೇಲೆ ಬಿದ್ದು ಆ ಬೀದಿಯ ಬಿಸಿಲನ್ನು ಅಳಿಸುತ್ತಿತ್ತು, ಎದ್ದು ಕಿಟಕಿಯ ಬಟ್ಟೆ ಎಳೆದ. ಮನಸ್ಸು ಹಗುರವಾಗಿತ್ತು. ಕಂಪನಿಯ ದೊಡ್ಡ ಕೋಣೆ, ಉದ್ದನೆಯ ಮೇಜು, ಮೇಜಿನ ಮೇಲೆ ತನ್ನ ಅರ್ಜಿ, ಎದುರಿಗೆ ತಲೆ ತಗ್ಗಿಸಿ ನಿಂತ ತಂಗಿ. ಅದನ್ನು ಅವನು ಮನಸ್ಸಿನಲ್ಲೇ ಎಷ್ಟು ಸಲ ಬರೆದುಕೊಂಡಿದ್ದನೆಂದರೆ ಆ ಮೇಜಿನ ಬಣ್ಣ ಕೂಡ ಗೊತ್ತಿತ್ತು. ಆಟದೊಳಗಿನ ಪತ್ತೇದಾರ ಒಂದು ಶಾಲೆಯ ಕಚೇರಿಗೆ ಹೋದ. ಅಲ್ಲೂ ಉದ್ದನೆಯ ಮೇಜೇ ಇತ್ತು. ಕಪಾಟಿನ ಗಾಜಿನಲ್ಲಿ ಕಿಟಕಿಯ ಬೆಳಕು ಮುರಿದು ಬಿದ್ದಿತ್ತು, ಮೇಜಿನ ಮೇಲಿನ ಗಾಜಿನ ಗುಂಡಿನ ಕೆಳಗೆ ಒಂದು ಹಾಳೆ. ಒತ್ತಿದ. ಹಾಳೆ ಎದ್ದು ಪರದೆ ತುಂಬ ಹರಡಿಕೊಂಡಿತು. ಮಡಚಿದ ಗುರುತು, ಬೆವರಿನ ಕಲೆ, ಎಡಗೈಯಲ್ಲಿ ಬರೆದ ಹಾಗೆ ಹಿಂದಕ್ಕೆ ವಾಲಿದ ಮೂರು ಸಾಲು.

'ಈ ಹುಡುಗಿ ಕಳಿಸಿರುವ ಚಿತ್ರಗಳು ಅವಳ ಕೈಯವಲ್ಲ. ಪರರ ಕೈ ಇರುತ್ತದೆ. ವಿಚಾರಿಸಿ ನೋಡತಕ್ಕದ್ದು. ಇಂತಿ, ನಿಮ್ಮ ಹಿತೈಶಿ.'

ಅವನು ಮೌಸಿನಿಂದ ಕೈ ತೆಗೆದ. ಪದಕ್ಕೆ ಪದ ಅದೇ. ಹಾಗಾದರೆ ಅಂದು ಚಿತ್ರಶಾಲೆಯವರು ಕಾಗದವನ್ನು ಅವಳ ಕೈಗೇ ಕೊಟ್ಟು ತೋರಿಸಿದ್ದರು. ಅವಳು ಓದಿದ್ದಳು. ಒಂಬತ್ತನೆಯ ವಯಸ್ಸಿನಿಂದ ತಿದ್ದಿದ ಅಕ್ಷರವನ್ನು ಅವಳು ಗುರುತಿಸದೆ ಇರುತ್ತಾಳೆಯೇ. ಕೈ ಬದಲಾದರೂ ಕಾಗುಣಿತ ಬದಲಾಗಿರಲಿಲ್ಲ. ಅವನು ಬಾಗಿಲಿಗೆ ಗುದ್ದಿ ಕೈ ಮುರೀತೀನಿ ಎಂದು ಕೂಗುತ್ತಿದ್ದಾಗ ಅವಳು ಹುಬ್ಬೆತ್ತಿ ನೋಡಿದ್ದು ಯಾವ ಕೈ ಎಂದು. ಎಲ್ಲ ಗೊತ್ತಿದ್ದು ಅಪ್ಪನಿಗೆ ಹೇಳಲಿಲ್ಲ, ಅತ್ತಿಗೆಗೆ ಹೇಳಲಿಲ್ಲ, ಚೀಲ ಹೊತ್ತು ಹೋದಳು. ಹೋಗಿ ಹನ್ನೊಂದು ವರ್ಷ ಕೂತು, ನೊಣ ಬಿಡದೆ, ಬ್ರಷ್ಷಿನ ಕೂದಲು ಬಿಡದೆ, ಇದನ್ನು ಕಟ್ಟಿದಳು. ಇದು ಬೀದಿಯಲ್ಲ, ಬೋನು. ಬೋರ್ಡುಗಳನ್ನು ಅವಳು ಕದ್ದಿರಲಿಲ್ಲ, ನೇತುಹಾಕಿದ್ದಳು. ಅವನು ಬಂದೇ ಬರುತ್ತಾನೆ, ಬಂದು ನನ್ನದು ನನ್ನದು ಎಂದು ಒಂದೊಂದನ್ನೇ ಮುಟ್ಟುತ್ತಾನೆ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ವಾಸಿ, ಅವನು ಸುಮ್ಮನೆ ಮುಟ್ಟಿಕೊಂಡ. ಬೋರ್ಡಣ್ಣ ಹೆಗಲ ಮೇಲಿನ ಬೂದಿಯನ್ನು ಹಾಳೆಯ ಮೇಲೆ ಒತ್ತಿ, ಸಹಿ ಮಾಡಿ, ವಿಳಾಸ ಬರೆದು ಕಳಿಸಿದ್ದ. ಈ ಶ ಬರೆಯುವವನು ನಮ್ಮ ಊರಿಗೆ ನಾನೊಬ್ಬನೇ. ಬೇಕಾದರೆ ಯಾರನ್ನಾದರೂ ಕೇಳಿ.

ಹೆಂಡತಿಗೆ ಫೋನು ಮಾಡಿದ. ಅದು ಬಡಿದುಕೊಂಡಿತು, ನಿಂತಿತು. ಮತ್ತೆ ಮಾಡಿದ. ಟಪಾಲಿನವರು ಫೋನನ್ನು ಡ್ರಾಯರಿನಲ್ಲಿ ಇಡುತ್ತಾರೆ, ಗೊತ್ತಿತ್ತು. ಕಚೇರಿಗೇ ಓಡೋಣವೆಂದು ಒಂದು ಕಾಲಿಗೆ ಚಪ್ಪಲಿ ಹಾಕಿದ, ಇನ್ನೊಂದಕ್ಕೆ ಹಾಕುವಷ್ಟರಲ್ಲಿ ಆ ಬುಧವಾರ ನೆನಪಾಯಿತು. ಅವಳು ಆಟ ಮುಗಿಸಿದ್ದಳು. ಈ ಕಾಗದ ಓದಿದ್ದಳು. ಓದಿದಾಗ ಅದು ಅವಳಿಗೆ ಬರೀ ಒಂದು ಕತೆಯಾಗಿ ಕಂಡಿತೋ, ಅಥವಾ ದಿನಸಿಯ ಪಟ್ಟಿಯಲ್ಲಿ, ಗೋಡೆಯ ಕ್ಯಾಲೆಂಡರಿನ ಮೇಲೆ ಇಷ್ಟು ವರ್ಷ ನೋಡಿದ ಶ ಅವಳಿಗೂ ಕಂಡಿತೋ. ಆರಿದ ಪರದೆಯ ಮುಂದೆ ಅವಳು ಕೂತಿದ್ದ ರೀತಿ. ಬೆಳಿಗ್ಗೆ ನೋಡಿದ್ದು ಗುಂಡಿಯನ್ನಲ್ಲ. ಎರಡ್ಸಲ ಆಗತ್ತೆ. ಒಂದು ಚಪ್ಪಲಿಯಲ್ಲೇ ಅವನು ಮೆಟ್ಟಿಲ ಮೇಲೆ ಕೂತ. ಹೋದರೂ ಒಂದೇ, ಕೂತರೂ ಒಂದೇ ಎನ್ನಿಸಿತು. ಆದರೂ ಒಳಗೆಲ್ಲೋ ಒಂದು ಹುಳು ಲೆಕ್ಕ ಹಾಕುತ್ತಿತ್ತು: ಅವಳು ಓದಿದ್ದರೆ ಪೋಸ್ಟ್ ಮಾಡಿರುವುದಿಲ್ಲ. ಮನೆಯ ಮರ್ಯಾದೆ. ಗಂಡ. ಚೀಲದಲ್ಲಿಟ್ಟುಕೊಂಡು ವಾಪಸು ತರುತ್ತಾಳೆ, ಮುಖ ಗಂಟು ಹಾಕುತ್ತಾಳೆ, ನಾಲ್ಕು ದಿನ ಮಾತು ಬಿಡುತ್ತಾಳೆ. ನಾಲ್ಕು ದಿನ ತಡೆದುಕೊಂಡರಾಯಿತು.

ಶನಿವಾರ ಅವಳಿಗೆ ಅರ್ಧ ದಿನ. ಎರಡು ಗಂಟೆಗೆ ಬಂದಳು, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಮೆಟ್ಟಿಲ ಮೇಲೆ ಒಂದು ಚಪ್ಪಲಿ ಹಾಕಿಕೊಂಡು ಕೂತವನನ್ನು ನೋಡಿ ಪಕ್ಕಕ್ಕೆ ಸರಿದು ಒಳಗೆ ಹೋದಳು. ಅವನು ಹಿಂದೆಯೇ ಹೋದ.

"ಆ ಕವರು," ಎಂದ.

"ಹಾಕಿದೆ."

"ಓದ್ದೆ ಹಾಕಿದ್ಯಾ?"

"ಓದೇ ಹಾಕಿದೆ." ಅವಳು ಚೀಲದಿಂದ ಒಂದು ಸಣ್ಣ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ರಿಜಿಸ್ಟರ್ ಮಾಡ್ಸಿದೀನಿ. ತಲುಪಿದ್ದಕ್ಕೆ ಅವರು ಸಹಿ ಹಾಕಿದ ಕಾರ್ಡು ವಾಪಸ್ ಬರತ್ತೆ, ಜೋಪಾನವಾಗಿ ಇಟ್ಕೊಳಿ."

"ನೀನು ಬುಧವಾರ..."

"ಬುಧವಾರ ಅನುಮಾನ ಬಂತು. ಇರಲಾರದು ಅಂದ್ಕೊಂಡೆ. ಎಷ್ಟೋ ಜನ ಹಾಗೆ ತಪ್ಪು ಬರೀತಾರೆ ಅಂತ ನಾನೇ ನಿಮ್ಮ ಪರವಾಗಿ ವಾದ ಮಾಡ್ಕೊಂಡೆ, ಮೂರು ದಿನ. ಇವತ್ತು ನೀವೇ ಬರೆದು ಕೊಟ್ರಿ, ಊರಿಗೆ ನಾನೊಬ್ಬನೇ ಅಂತ." ಅವಳ ದನಿ ಏರಲಿಲ್ಲ, ಕಚೇರಿಯಲ್ಲಿ ಮಾತಾಡುವ ದನಿಯೇ. "ಕಂಪನಿ ಮುಖ್ಯಸ್ಥರಿಗೆ ಬೇಡ ಅನ್ನಿಸ್ತು. ಕವರು ಬದಲಾಯಿಸಿ ಅವಳ ಹೆಸರಿಗೇ ಕಳಿಸಿದೆ. ಆಟ ಅವಳದಲ್ವಾ, ಉತ್ತರ ಅವಳಿಗೇ ಹೋಗ್ಲಿ."

"ನನ್ನ ಮಾತು ಒಂದು ಕೇಳು."

"ಅವತ್ತು ಆ ಹುಡುಗಿ ನನ್ನ ತೊಡೆ ಮೇಲೆ ತಲೆ ಇಟ್ಕೊಂಡು, ಅತ್ತಿಗೆ, ಯಾರು ಅಂತ ಗೊತ್ತಾದ್ರೆ ಏನು ಮಾಡ್ತೀರಿ ಅಂತ ಕೇಳಿದ್ಲು. ನಾನು ಏನಂದೆ ಗೊತ್ತಾ? ಮೂಗರ್ಜಿಗೆ ಯಾರೂ ಬೆಲೆ ಕೊಡಲ್ಲ, ಸುಮ್ನಿರು ಅಂದೆ. ಬರೆದವನ ಕೈಗೇ ಬಿಸಿನೀರಿನ ಬಟ್ಟೆ ಇಟ್ಟೆ." ಅವಳು ಬ್ರೆಡ್ಡಿನ ಪೊಟ್ಟಣ ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು. "ಕಾಗುಣಿತ ತಿದ್ದಲಿಲ್ಲ. ಇದ್ದ ಹಾಗೇ ಇರಲಿ ಅಂತ. ಅವಳ ಹೆಸರು ಮಾತ್ರ ನಾನು ಬರೆದೆ. ಹೊಟ್ಟೆ ಸೀಳೇ ಬರೆದೆ."

ಒಳಗೆ ನಲ್ಲಿ ಬಿಟ್ಟ ಸದ್ದು ಬಂತು. ಅವನಿಗೆ ಕೂಗಾಡಬೇಕೆನ್ನಿಸಿತು, ಯಾರ ಮೇಲೆಂದು ತಿಳಿಯಲಿಲ್ಲ. ಅಂಚೆ ಕಚೇರಿಗೆ ಓಡಬಹುದಿತ್ತು, ಶನಿವಾರ ಎರಡಕ್ಕೆ ಅದೂ ಮುಚ್ಚಿತ್ತು. ಕುರ್ಚಿ ಎಳೆದು ಕೂತ. ಕೂರಲು ಮನೆಯಲ್ಲಿ ಬೇರೆ ಜಾಗವಿಲ್ಲದವನ ಹಾಗೆ. ಪರದೆಯ ಮೇಲೆ ಹಾಳೆ ಮಡಚಿಕೊಂಡು ಮತ್ತೆ ಬೀದಿ ಬಂದಿತ್ತು. ಸಂಜೆಯ ಬಿಸಿಲು, ಬೆಂಚು, ಲೋಟ, ನೊಣ. ನಾಲ್ಕು ಬೋರ್ಡುಗಳು ಮಿನುಗುತ್ತಿದ್ದವು. 'ಅನಾಮಿಕರೇ, ಆ ಕಾಗದ ಬರೆದವರು ಯಾರು? ಅವರ ಬೋರ್ಡನ್ನು ಒತ್ತಿ.' ಕ್ಷೌರದಂಗಡಿ, ಫೋಟೋ ಸ್ಟುಡಿಯೋ, ಔಷಧಿ ಅಂಗಡಿ. ನಾಲ್ಕನೆಯದು ಏಣಿಯ ಪಕ್ಕದ ಚಿಕ್ಕ ಮಳಿಗೆ, ಅದರ ಮೇಲೆ ಅವನ ಸ್ವಂತದ ಬೋರ್ಡು: 'ಇಲ್ಲಿ ಬೋರ್ಡು ಬರೆದುಕೊಡಲಾಗುವುದು.' ಅದನ್ನು ಅವನು ಆವರೆಗೆ ನೋಡಿರಲಿಲ್ಲ. ನೋಡಿ ಪಟ್ಟಿಗೆ ಸೇರಿಸದೆ ಬಿಟ್ಟಿದ್ದನೋ ಏನೋ.

ಔಷಧಿ ಅಂಗಡಿಯನ್ನು ಒತ್ತಿದ. ಅಂದು ನಕ್ಕವನು, ದುಡ್ಡು ಕೊಡದವನು, ಅವನೇ ಹೋಗಲಿ ಒಳಕ್ಕೆ. ಮರದ ಬಾಗಿಲು ಧಡಕ್ಕನೆ ಮುಚ್ಚಿದ ಸದ್ದು ಬಂತು, ಬೀದಿ ಹಾಗೆಯೇ ಉಳಿಯಿತು.

"ಅದಲ್ಲ," ಎಂದಳು ಅಡುಗೆಮನೆಯಿಂದ ಹೆಂಡತಿ.

ಕ್ಷೌರದಂಗಡಿ ಒತ್ತಿದ. ಅದೇ ಬಾಗಿಲು, ಅದೇ ಸದ್ದು.

"ಅದೂ ಅಲ್ಲ."

ಅವಳು ಕೈ ಒರೆಸಿಕೊಳ್ಳುತ್ತ ಬಂದು ಅವನ ಕುರ್ಚಿಯ ಹಿಂದೆ ನಿಂತಳು. ಅವನ ಹೆಗಲು ಮುಟ್ಟಲಿಲ್ಲ. ಅವಳ ಉಸಿರು ಅವನ ನೆತ್ತಿಗೆ ತಾಗುತ್ತಿತ್ತು. ಬಾಣದ ಗುರುತು ಫೋಟೋ ಸ್ಟುಡಿಯೋದ ಮೇಲೆ ಸ್ವಲ್ಪ ಹೊತ್ತು ನಿಂತಿತು, ಆ ಸಿಕ್ಕಿಹಾಕಿಕೊಂಡ ಕೂದಲಿನ ಮೇಲೆ. ಆಮೇಲೆ ಅಲ್ಲಿಂದ ಜಾರಿ ಚಿಕ್ಕ ಮಳಿಗೆಯ ಬೋರ್ಡಿಗೆ ಬಂತು. ಅವನು ಒತ್ತಿದ.

ಈ ಸಲ ಸದ್ದು ಬರಲಿಲ್ಲ. ಬೀದಿಯಲ್ಲಿ ಬೇರೇನೂ ಆಗಲಿಲ್ಲ, ಯಾರೂ ಹಿಡಿಯಲು ಬರಲಿಲ್ಲ. ಗೋಡೆಗೆ ಒರಗಿದ ಏಣಿಯ ಬುಡದಿಂದ ಕಪ್ಪಗೆ ಒಂದು ಗೆರೆ ಹೊರಟಿತು, ಆಮೇಲೆ ಇನ್ನೊಂದು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ತುಂಬಿಕೊಳ್ಳುತ್ತ ಅದು ಬಲಕ್ಕೆ ನೆಲದ ಮೇಲೆ ಮಲಗಿತು. ಬೋರ್ಡಣ್ಣ ಅಭ್ಯಾಸಬಲದಿಂದ ಕಣ್ಣಲ್ಲೇ ಅಳತೆ ಹಿಡಿದ. ಆ ಬಿಸಿಲಿಗೆ, ಆ ಎತ್ತರಕ್ಕೆ, ನೆರಳು ಒಂದು ಗೇಣು ಜಾಸ್ತಿ ಉದ್ದ ಇತ್ತು.